ಓದುಗರ ಪ್ರಶ್ನೆ: ಅಮೆರಿಕದ ಯುದ್ಧಗಳೂ ನಮ್ಮ ಕರಾವಳಿಯೂ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸಂಬಂಧಿಸಿದವು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಅಮೆರಿಕದ ಕ್ರಾಂತಿಯ ಪಾಠ ನಡೆಯುತ್ತಿದ್ದುದರಿಂದ ಮೊದಲು ಮಕ್ಕಳು ಬರೆದರು. ಮಕ್ಕಳ ಪುಸ್ತಕವನ್ನು ತಿರುವಿ ನೋಡಿದ ಮನೆಯ ಹಿರಿಯರು ಆಮೇಲೆ ಬರೆದರು. ಮೂವತ್ತು ವರ್ಷ ಇದೇ ಪಾಠವನ್ನು ಇದೇ ಊರುಗಳ ಮಕ್ಕಳಿಗೆ ಹೇಳಿದ ನನಗೆ ಈ ಪತ್ರಗಳಿಂದ ಆದ ಸಂತೋಷ ಸಣ್ಣದಲ್ಲ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ. ಬರೆದವರ ಹೆಸರಿನ ಬದಲು ಊರನ್ನು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ಬೋಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಸುರಿದ ಚಹಾ ನಮ್ಮ ಅಸ್ಸಾಮಿನದೇ? ಬೆಲೆ ಇಳಿದಿದ್ದ ಚಹಾವನ್ನು ಆ ಜನ ಏಕೆ ಎಸೆದರು, ಮಾಸ್ಟ್ರೇ?
(ಕುಂಬಳೆಯ ಹತ್ತನೆಯ ತರಗತಿಯ ವಿದ್ಯಾರ್ಥಿನಿ)

ಉತ್ತರ: ಅಸ್ಸಾಮಿನದಲ್ಲ, ಚೀನಾದ್ದು. ಅಸ್ಸಾಮಿನಲ್ಲಿ ಬ್ರಿಟಿಷರು ಚಹಾ ತೋಟ ಎಬ್ಬಿಸಿದ್ದು 1830ರ ದಶಕದಲ್ಲಿ. ಬೋಸ್ಟನ್ನಿನ ಜನ ಮೂರು ಹಡಗುಗಳನ್ನು ಹತ್ತಿ 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದದ್ದು 1773ರ ಡಿಸೆಂಬರ್ 16ರ ರಾತ್ರಿ. ಆದರೆ ನಿನ್ನ ಸಂದೇಹಕ್ಕೆ ಬೇರೊಂದು ಕಡೆಯಿಂದ ಅರ್ಥವಿದೆ, ಏಕೆಂದರೆ ಆ ಚಹಾದ ಒಡೆತನ ಈಸ್ಟ್ ಇಂಡಿಯಾ ಕಂಪೆನಿಯದಾಗಿತ್ತು. 1765ರಲ್ಲಿ ಬಂಗಾಳದ ಕಂದಾಯ ವಸೂಲಿಯ ಹಕ್ಕನ್ನು ಪಡೆದ ಕಂಪೆನಿ, ಐದೇ ವರ್ಷಗಳಲ್ಲಿ ಅಲ್ಲಿ ಭೀಕರ ಕ್ಷಾಮ ಬಂದು ಲಕ್ಷಾಂತರ ಜನ ಸತ್ತ ಮೇಲೆ, ತಾನೂ ಸಾಲದಲ್ಲಿ ಮುಳುಗಿತು. ಲಂಡನ್ನಿನ ಉಗ್ರಾಣಗಳಲ್ಲಿ ಮಾರಾಟವಾಗದ ಚಹಾ ರಾಶಿ ಬಿದ್ದಿತ್ತು. ಕಂಪೆನಿಯನ್ನು ಉಳಿಸುವ ಸಲುವಾಗಿ ಬ್ರಿಟಿಷ್ ಪಾರ್ಲಿಮೆಂಟು 1773ರಲ್ಲಿ ಚಹಾ ಕಾಯಿದೆಯನ್ನು ತಂದು, ಚಹಾವನ್ನು ನೇರವಾಗಿ ಅಮೆರಿಕಕ್ಕೆ ಕಳುಹಿಸಲು ಅನುಮತಿ ಕೊಟ್ಟಿತು. ಇಂಗ್ಲೆಂಡಿನಲ್ಲಿ ಕೊಡಬೇಕಾಗಿದ್ದ ಸುಂಕವನ್ನು ಬಿಟ್ಟುಕೊಟ್ಟಿತು, ಆದರೆ ಅಮೆರಿಕದಲ್ಲಿ ವಸೂಲಾಗುತ್ತಿದ್ದ ಪೌಂಡಿಗೆ ಮೂರು ಪೆನ್ನಿಯ ಸುಂಕವನ್ನು ಹಾಗೆಯೇ ಇಟ್ಟುಕೊಂಡಿತು.

ಬೆಲೆ ಇಳಿದಿತ್ತು, ನಿಜ. ಆದರೆ ಆ ಮೂರು ಪೆನ್ನಿಯನ್ನು ಕೊಟ್ಟರೆ, ತಮ್ಮ ಪ್ರತಿನಿಧಿಗಳೇ ಇಲ್ಲದ ಸಭೆಗೆ ತಮ್ಮ ಮೇಲೆ ತೆರಿಗೆ ಹಾಕುವ ಅಧಿಕಾರವಿದೆಯೆಂದು ಒಪ್ಪಿಕೊಂಡಂತಾಗುತ್ತಿತ್ತು. ಜೊತೆಗೆ ಕಂಪೆನಿ ತಾನು ಆರಿಸಿದ ಕೆಲವೇ ವರ್ತಕರ ಮೂಲಕ ಮಾರುವ ಏರ್ಪಾಡು ಮಾಡಿಕೊಂಡಿದ್ದರಿಂದ ಉಳಿದ ವ್ಯಾಪಾರಿಗಳು ಮೂಲೆಗೆ ಸರಿದಿದ್ದರು. ಅಡಿಕೆಯ ಧಾರಣೆಯನ್ನು ದಿನವೂ ಕೇಳಿ ಬೆಳೆದ ನಮ್ಮೂರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಾರುಕಟ್ಟೆ ಒಬ್ಬನ ಕೈಗೆ ಹೋದ ಮೇಲೆ ಇವತ್ತಿನ ಬೆಲೆ ನಾಳೆಗೆ ನಿಲ್ಲುವುದಿಲ್ಲ. ಬಂಗಾಳದಲ್ಲಿ ಮಾಡಿದ್ದನ್ನೇ ಈ ಕಂಪೆನಿ ಇಲ್ಲಿಯೂ ಮಾಡೀತು ಎಂದು ಪೆನ್ಸಿಲ್ವೇನಿಯದ ಜಾನ್ ಡಿಕಿನ್ಸನ್ ಅದೇ ವರ್ಷ ಬರೆದು ಎಚ್ಚರಿಸಿದ್ದ. ನಮ್ಮ ನಾಡಿನ ಕ್ಷಾಮವೊಂದು ಅವರ ಹೋರಾಟದ ಮಾತುಗಳಲ್ಲಿ ಹೀಗೆ ಸೇರಿಕೊಂಡಿದೆ.

ಚಹಾ ಸುರಿದದ್ದಕ್ಕಿಂತಲೂ ಅದಕ್ಕೆ ವಿಧಿಸಿದ ಶಿಕ್ಷೆಯ ಪರಿಣಾಮ ದೊಡ್ಡದು. 1774ರಲ್ಲಿ ಪಾರ್ಲಿಮೆಂಟು ಬೋಸ್ಟನ್ ಬಂದರನ್ನು ಮುಚ್ಚಿಸಿ, ಮಸಾಚುಸೆಟ್ಸಿನ ಸ್ವಂತ ಆಡಳಿತದ ಅಧಿಕಾರವನ್ನು ಮೊಟಕುಗೊಳಿಸಿದಾಗ, ಅದುವರೆಗೆ ತಂತಮ್ಮ ಪಾಡಿಗಿದ್ದ ಹದಿಮೂರು ವಸಾಹತುಗಳಲ್ಲಿ ಹನ್ನೆರಡರ ಪ್ರತಿನಿಧಿಗಳು ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯದಲ್ಲಿ ಒಟ್ಟು ಸೇರಿದರು.

ಪ್ರಶ್ನೆ: ತೆರಿಗೆಯಿಂದಲೇ ಯುದ್ಧ ಹುಟ್ಟಿತೆಂದು ಮೊಮ್ಮಗನ ಪುಸ್ತಕ ಹೇಳುತ್ತದೆ. ಕಾರಣ ಅಷ್ಟೇ ಇರಬಹುದೆ?
(ನೀರ್ಚಾಲಿನ ಕೃಷಿಕರೊಬ್ಬರು)

ಉತ್ತರ: ತೆರಿಗೆ ಕಾರಣವೇ ಹೌದು. ಆದರೆ ಆ ತೆರಿಗೆ ಎಲ್ಲಿಂದ ಬಂತೆಂದು ಕೇಳಿದರೆ ಇನ್ನೊಂದು ಯುದ್ಧಕ್ಕೆ ಹೋಗಿ ಮುಟ್ಟುತ್ತೇವೆ. 1754ರ ಮೇ ತಿಂಗಳಲ್ಲಿ, ಓಹಿಯೊ ಕಣಿವೆಗೆ ಹೋಗುವ ದಾರಿಯ ಕಾಡಿನಲ್ಲಿ, 22 ವರ್ಷ ಪ್ರಾಯದ ವರ್ಜೀನಿಯದ ಅಧಿಕಾರಿಯೊಬ್ಬ ತನ್ನ ತುಕಡಿಯನ್ನೂ ಕೆಲವು ಮೂಲನಿವಾಸಿ ಯೋಧರನ್ನೂ ಕೂಡಿಕೊಂಡು ಫ್ರೆಂಚರ ಸಣ್ಣ ತಂಡವೊಂದರ ಮೇಲೆ ದಾಳಿ ಮಾಡಿದ. ಅವನೇ ಮುಂದೆ ಅಮೆರಿಕದ ಸೇನಾಪತಿಯಾದ ಜಾರ್ಜ್ ವಾಷಿಂಗ್ಟನ್. ಮರುತಿಂಗಳು ಕಳೆದು ಜುಲೈ 3ರಂದು ಅವನು ಫ್ರೆಂಚರಿಗೆ ಶರಣಾಗಬೇಕಾಯಿತು. ಆ ಕಾಡಿನ ಕಿಡಿ ಏಳು ವರ್ಷಗಳ ಯುದ್ಧವೆಂಬ ಹೆಸರಿನಲ್ಲಿ ಭೂಮಿಯ ನಾಲ್ಕೂ ಕಡೆ ಹಬ್ಬಿತು. 1759ರಲ್ಲಿ ಕೆನಡಾದ ಕ್ವಿಬೆಕ್ ನಗರ ಬ್ರಿಟಿಷರ ವಶವಾಯಿತು. 1760ರ ಜನವರಿಯಲ್ಲಿ ತಮಿಳುನಾಡಿನ ವಾಂಡಿವಾಶ್‌ನಲ್ಲಿ ಫ್ರೆಂಚರು ಸೋತರು. ಮರುವರ್ಷ ಪುದುಚೇರಿಯೂ ನಮ್ಮ ನೆರೆಯ ಮಾಹೆಯೂ ಬಿದ್ದವು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸ್ ಕೆನಡಾವನ್ನು ಬಿಟ್ಟುಕೊಟ್ಟಿತು, ಪುದುಚೇರಿ ಮಾಹೆಗಳನ್ನು ಮರಳಿ ಪಡೆಯಿತು. (ಹೈದರಾಲಿ ಕೆಳದಿಯ ಅರಸರಿಂದ ಬಿದನೂರನ್ನು ಗೆದ್ದು, ಬೇಕಲ ಕೋಟೆಯ ಈ ಸೀಮೆಗೆ ಒಡೆಯನಾದದ್ದೂ ಅದೇ 1763ರಲ್ಲಿ.)

ಗೆದ್ದ ಬ್ರಿಟನ್ನಿನ ಸಾಲ ಯುದ್ಧ ಮುಗಿಯುವಾಗ ಸುಮಾರು ಇಮ್ಮಡಿಯಾಗಿತ್ತು. ಗೆದ್ದ ನೆಲವನ್ನು ಕಾಯಲು ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇರಿಸಲು ತೀರ್ಮಾನಿಸಿದ ಸರಕಾರ, ಅದರ ಖರ್ಚಿನ ಒಂದು ಪಾಲನ್ನಾದರೂ ಅಲ್ಲಿನವರೇ ಕೊಡಲಿ ಎಂದು 1765ರಲ್ಲಿ ಛಾಪಾ ಕಾಯಿದೆಯನ್ನು ಹೊರಡಿಸಿತು. ನಾವು ಕರಾರು ಪತ್ರ ಮಾಡಿಸಲು ಛಾಪಾಕಾಗದ ಕೊಳ್ಳುತ್ತೇವಲ್ಲ, ಅದೇ ಬಗೆಯದು. ಆದರೆ ಅಲ್ಲಿ ವೃತ್ತಪತ್ರಿಕೆಗೂ ಇಸ್ಪೀಟೆಲೆಗೂ ಛಾಪೆ ಬೇಕಾಗಿತ್ತು. ಪ್ರತಿಭಟನೆಯ ಬಿಸಿಗೆ ಮರುವರ್ಷವೇ ಅದನ್ನು ಹಿಂದೆಗೆದುಕೊಂಡರು. ಹಿಂದೆಗೆದುಕೊಳ್ಳುವಾಗ, ವಸಾಹತುಗಳಿಗೆ ಯಾವ ಕಾನೂನನ್ನಾದರೂ ಮಾಡುವ ಅಧಿಕಾರ ತಮಗುಂಟೆಂಬ ಘೋಷಣೆಯನ್ನೂ ಜೊತೆಗೆ ಹೊರಡಿಸಿದರು.

ಪಾಠಪುಸ್ತಕಗಳು ಹಾರಿಸಿಬಿಡುವ ಇನ್ನೊಂದು ಕಾರಣ ಭೂಮಿ. 1763ರ ರಾಜಘೋಷಣೆ ಅಪಲೇಚಿಯನ್ ಬೆಟ್ಟಸಾಲನ್ನು ಗಡಿಯನ್ನಾಗಿ ಮಾಡಿ, ಅದರಾಚೆಗೆ ಬಿಳಿಯರು ನೆಲೆಸಬಾರದೆಂದು ವಿಧಿಸಿತು. ಅದೇ ವರ್ಷ ಪಾಂಟಿಯಾಕ್‌ನ ಮುಂದಾಳುತನದಲ್ಲಿ ಮೂಲನಿವಾಸಿಗಳು ಬ್ರಿಟಿಷ್ ಠಾಣೆಗಳ ಮೇಲೆ ಒಂದರ ಹಿಂದೊಂದರಂತೆ ಬಿದ್ದದ್ದರಿಂದ, ಮತ್ತೆ ಅಂಥ ಯುದ್ಧ ಬಾರದಿರಲಿ ಎಂಬುದು ಸರಕಾರದ ಲೆಕ್ಕ. ಬೆಟ್ಟದಾಚೆಯ ನೆಲದ ಮೇಲೆ ಹಣ ಹೂಡಿದ್ದ ವರ್ಜೀನಿಯದ ಜಮೀನುದಾರರಿಗೆ, ಅವರಲ್ಲಿ ಒಬ್ಬನಾಗಿದ್ದ ವಾಷಿಂಗ್ಟನ್ನನಿಗೂ, ಈ ಗೆರೆ ಕಣ್ಣಿಗೆ ಬಿದ್ದ ಕಸವಾಯಿತು. ಕೃಷಿಕರಾದ ತಾವು ಈ ಕಾರಣವನ್ನು ತೆರಿಗೆಯ ಸಮಕ್ಕೆ ಇಟ್ಟು ತೂಗಿ ನೋಡಬೇಕೆಂದು ನನ್ನ ವಿನಂತಿ.

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕೊನೆಯ ಕಾಳಗ ಮಂಗಳೂರಿನಲ್ಲಿ ನಡೆಯಿತೆಂದು ಸಭೆಯೊಂದರಲ್ಲಿ ಕೇಳಿದೆ. ಇದು ಅತಿಶಯದ ಮಾತಲ್ಲವೆ?
(ಮಂಜೇಶ್ವರದ ಓದುಗರು)

ಉತ್ತರ: ಆ ವಾಕ್ಯವನ್ನು ಇದ್ದ ಹಾಗೆಯೇ ತೆಗೆದುಕೊಂಡರೆ ಅತಿಶಯವೇ. ಆದರೆ ಅದರೊಳಗೆ ಒಂದು ನಿಜ ಅಡಗಿದೆ. ಅದು ನನಗೆ ಬಹಳ ಪ್ರಿಯವಾದ ವಿಷಯವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

1778ರ ಫೆಬ್ರವರಿ 6ರಂದು ಫ್ರಾನ್ಸ್ ಅಮೆರಿಕದ ಬಂಡುಕೋರರ ಜೊತೆ ಮೈತ್ರಿ ಮಾಡಿಕೊಂಡಿತು. ಅಂದಿನಿಂದ ಬ್ರಿಟಿಷರಿಗೂ ಫ್ರೆಂಚರಿಗೂ ಎಲ್ಲೆಲ್ಲಿ ಗಡಿ ತಾಗುತ್ತಿತ್ತೋ ಅಲ್ಲೆಲ್ಲ ಅಮೆರಿಕದ ಯುದ್ಧ ಬಂದು ತಲುಪಿತು. ಆ ವರ್ಷದ ಅಕ್ಟೋಬರಿನಲ್ಲಿ ಕಂಪೆನಿಯ ಸೇನೆ ಪುದುಚೇರಿಯನ್ನು ಹಿಡಿಯಿತು, 1779ರ ಮಾರ್ಚಿನಲ್ಲಿ ಮಾಹೆಯನ್ನು ಹಿಡಿಯಿತು. ಕಾಸರಗೋಡಿನಿಂದ ತೆಂಕಕ್ಕೆ ರೈಲಿನಲ್ಲಿ ಹೋದವರಿಗೆ ಕಣ್ಣೂರು, ತಲಶ್ಶೇರಿ ದಾಟಿದ ಕೂಡಲೇ ಸಿಗುವ ಊರದು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವಾಗೆಲ್ಲ ಮಾಹೆಯ ಹೊಳೆ ಬಂದಾಗ ನಾನು ಕಿಟಕಿಯ ಹೊರಗೆ ಕೈತೋರಿಸಿ, ನೀವು ಓದಿದ ಅಮೆರಿಕದ ಯುದ್ಧ ಇಲ್ಲಿಗೂ ಬಂದಿತ್ತು ಎಂದು ಹೇಳುತ್ತಿದ್ದೆ. ನಂಬದೆ ನನ್ನ ಮುಖವನ್ನೇ ನೋಡುತ್ತಿದ್ದ ಆ ಕಣ್ಣುಗಳು ಈಗಲೂ ನೆನಪಿವೆ.

ಮಾಹೆ ಹೈದರಾಲಿಗೆ ಮರ್ಮಸ್ಥಾನವಾಗಿತ್ತು. ಫ್ರೆಂಚರ ಬಂದೂಕು ಮದ್ದುಗುಂಡುಗಳು ಅವನಿಗೆ ಬರುತ್ತಿದ್ದುದು ಆ ಬಂದರಿನಿಂದ. ಆ ಊರು ತನ್ನ ರಕ್ಷಣೆಯಲ್ಲಿದೆ, ಮುಟ್ಟಬೇಡಿ ಎಂದು ಅವನು ಕಂಪೆನಿಗೆ ಮೊದಲೇ ಹೇಳಿದ್ದ. ಆ ಮಾತನ್ನು ಮೀರಿ ಮಾಹೆಯನ್ನು ಹಿಡಿದದ್ದು, ಅವನ ಉಳಿದ ಅಸಮಾಧಾನಗಳ ಜೊತೆ ಕೂಡಿ, 1780ರ ಜುಲೈಯಲ್ಲಿ ಅವನು ದೊಡ್ಡ ದಂಡಿನೊಡನೆ ತಮಿಳು ಕರಾವಳಿಯ ಕರ್ನಾಟಿಕ್ ಪ್ರಾಂತಕ್ಕೆ ಇಳಿಯಲು ಕಾರಣವಾಯಿತು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕಂಪೆನಿಯ ಕರ್ನಲ್ ಬೈಲಿಯ ಪಡೆ ಪೂರ್ತಿಯಾಗಿ ನೆಲಕಚ್ಚಿತು. ಈ ಸುದ್ದಿ ಅಟ್ಲಾಂಟಿಕ್ ದಾಟಿ ಅಮೆರಿಕವನ್ನೂ ಮುಟ್ಟಿತ್ತು. ಪೆನ್ಸಿಲ್ವೇನಿಯದವರು ತಮ್ಮ ವ್ಯಾಪಾರವನ್ನು ಕಾಯಲು ಸಜ್ಜುಗೊಳಿಸಿದ ಯುದ್ಧನೌಕೆಯೊಂದರ ಹೆಸರೇ ‘ಹೈದರ್ ಅಲಿ’. 1782ರ ಏಪ್ರಿಲ್ 8ರಂದು, ಜೋಶುವ ಬಾರ್ನಿಯ ನಾಯಕತ್ವದಲ್ಲಿ, ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ಹೆಚ್ಚು ಫಿರಂಗಿಗಳಿದ್ದ ಬ್ರಿಟಿಷ್ ನೌಕೆ ‘ಜನರಲ್ ಮಂಕ್’ ಅನ್ನು ಸೆರೆಹಿಡಿಯಿತು. ಮೈಸೂರಿನ ನವಾಬನ ಹೆಸರು ಹೊತ್ತ ಹಡಗು ಆ ಕೊಲ್ಲಿಯಲ್ಲಿ ಗೆದ್ದ ದಿನ ಹೈದರನು ಇನ್ನೂ ಬದುಕಿದ್ದ. ಅವನು ತೀರಿಕೊಂಡದ್ದು ಆ ವರ್ಷದ ಡಿಸೆಂಬರಿನಲ್ಲಿ.

ಇನ್ನು ಮಂಗಳೂರು. 1783ರಲ್ಲಿ ಕಂಪೆನಿಯ ಬೊಂಬಾಯಿ ಸೇನೆ ಮಂಗಳೂರನ್ನೂ ಬಿದನೂರನ್ನೂ ಹಿಡಿದಾಗ, ಟಿಪ್ಪು ಪೂರ್ವ ಕರಾವಳಿಯನ್ನು ಬಿಟ್ಟು ಧಾವಿಸಿ ಬಂದು, ಏಪ್ರಿಲಿನಲ್ಲಿ ಬಿದನೂರನ್ನು ಮರಳಿ ಪಡೆದು, ಮೇ ತಿಂಗಳಲ್ಲಿ ಮಂಗಳೂರಿಗೆ ಮುತ್ತಿಗೆ ಹಾಕಿದ. ಅವನ ಜೊತೆಗೆ ಫ್ರೆಂಚ್ ಸೈನಿಕರಿದ್ದರು. ಕೋಟೆಯೊಳಗೆ ಕಂಪೆನಿಯ ಕರ್ನಲ್ ಕ್ಯಾಂಪ್‌ಬೆಲ್ ಇದ್ದ. ಅತ್ತ ಯುರೋಪಿನಲ್ಲಿ ಜನವರಿಯಲ್ಲೇ ಬ್ರಿಟನ್ ಫ್ರಾನ್ಸ್‌ಗಳ ನಡುವೆ ಶಾಂತಿಯ ಕರಡು ಒಪ್ಪಂದವಾಗಿತ್ತು. ಆ ವರ್ತಮಾನ ಹೊತ್ತ ಹಡಗು ಪೂರ್ವ ಕರಾವಳಿಯ ಕಡಲೂರಿಗೆ ಬಂದದ್ದು ಜೂನ್ ಕೊನೆಯಲ್ಲಿ, ಅಲ್ಲಿ ಎರಡೂ ನೌಕಾಪಡೆಗಳು ಜೂನ್ 20ರಂದು ಹೊಡೆದಾಡಿಕೊಂಡು ಆದ ಮೇಲೆ. ಅಮೆರಿಕದ ಹೆಸರಿನಲ್ಲಿ ಆರಂಭವಾದ ಯುದ್ಧದ ಕೊನೆಯ ದೊಡ್ಡ ಕಾಳಗ ಯಾವುದೆಂದು ಕೇಳಿದರೆ ಕಡಲೂರನ್ನು ಹೆಸರಿಸುವುದೇ ಸರಿ. ಆದರೆ ವರ್ತಮಾನ ಮಂಗಳೂರಿಗೆ ಮುಟ್ಟಿದಾಗ ಫ್ರೆಂಚ್ ನಾಯಕ ಕೋಸಿನ್ಯಿ ತನ್ನ ಸೈನಿಕರನ್ನು ಹಿಂದೆಗೆದುಕೊಂಡ. ಟಿಪ್ಪುವಿಗೆ ಎಷ್ಟು ಸಿಟ್ಟು ಬಂದಿರಬೇಕೆಂದು ಊಹಿಸಬಹುದು: ಮುತ್ತಿಗೆ ಅವನದು, ಮಣ್ಣು ಅವನದು, ಮಿತ್ರನ ರಾಜಿ ಮಾತ್ರ ಸಾವಿರಾರು ಮೈಲಿ ದೂರದಲ್ಲಿ ಅವನನ್ನು ಕೇಳದೆ ಆಗಿತ್ತು. ಆಗಸ್ಟ್ 2ರಂದು ಕದನವಿರಾಮ. ನಮ್ಮ ಕರಾವಳಿಯ ಆಟಿ ತಿಂಗಳ ಮಳೆಯನ್ನು ಬಲ್ಲವರಿಗೆ ಅದಕ್ಕೂ ಹಿಂದಿನ ಎರಡು ತಿಂಗಳು ಕೋಟೆಯ ಒಳಗೂ ಹೊರಗೂ ಇದ್ದವರ ಪಾಡು ಏನಿತ್ತೆಂದು ವಿವರಿಸಬೇಕಿಲ್ಲ. 1784ರ ಜನವರಿ ಕೊನೆಯಲ್ಲಿ ಹಸಿವು ಮತ್ತು ರೋಗದಿಂದ ಸೋತ ಕ್ಯಾಂಪ್‌ಬೆಲ್ ಕೋಟೆಯನ್ನು ಬಿಟ್ಟುಕೊಟ್ಟ; ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು.

ಇನ್ನೊಂದು ಎಳೆಯನ್ನು ಸೇರಿಸದೆ ಬಿಡಲಾರೆ. 1781ರ ಅಕ್ಟೋಬರ್ 19ರಂದು ವರ್ಜೀನಿಯದ ಯಾರ್ಕ್‌ಟೌನಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಸೈನಿಕರೊಡನೆ ಅಮೆರಿಕನ್ನರಿಗೂ ಫ್ರೆಂಚರಿಗೂ ಶರಣಾದ ಲಾರ್ಡ್ ಕಾರ್ನ್‌ವಾಲಿಸನೇ 1786ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. 1791ರಲ್ಲಿ ಬೆಂಗಳೂರನ್ನು ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಬರೆಸಿಕೊಂಡು, ಅವನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದ. ಮಲಬಾರು ಆಗ ಕಂಪೆನಿಗೆ ಹೋಯಿತು. ನಮ್ಮ ಕೆನರಾ 1799ರವರೆಗೆ ಟಿಪ್ಪುವಿನ ಕೈಯಲ್ಲಿ ಉಳಿಯಿತು. ಆಮೇಲೆ ಕೆನರಾದ ಮೊದಲ ಕಲೆಕ್ಟರನಾಗಿ ಬಂದು ಇಲ್ಲಿನ ಕಂದಾಯವನ್ನು ನಿಗದಿಮಾಡಿದ ಥಾಮಸ್ ಮನ್ರೋ, 1780ರಲ್ಲಿ ಮದರಾಸಿಗೆ ಬಂದಿಳಿದು ಹೈದರನ ವಿರುದ್ಧದ ಯುದ್ಧದಲ್ಲೇ ಸೈನಿಕ ವೃತ್ತಿಯನ್ನು ಕಲಿತವನು. ನಮ್ಮ ಅಜ್ಜಂದಿರ ಅಜ್ಜಂದಿರು ಕಟ್ಟಿದ ತೀರ್ವೆಯ ಹಿಂದೆ ಇಷ್ಟು ದೂರದ ಕತೆಯಿದೆ.

ಪ್ರಶ್ನೆ: ಜುಲೈ 4 ಯುದ್ಧ ಗೆದ್ದ ದಿನವೆ?
(ಉಪ್ಪಳದ ವಿದ್ಯಾರ್ಥಿ)

ಉತ್ತರ: ಅಲ್ಲ. ಅದು 1776ರಲ್ಲಿ ಸ್ವಾತಂತ್ರ್ಯದ ಘೋಷಣಾಪತ್ರವನ್ನು ಅಂಗೀಕರಿಸಿದ ದಿನ. ಯುದ್ಧ ಅದಕ್ಕೂ ಮೊದಲೇ, 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್ ಎಂಬ ಊರುಗಳಲ್ಲಿ ಶುರುವಾಗಿತ್ತು. ಬ್ರಿಟನ್ ಸ್ವಾತಂತ್ರ್ಯವನ್ನು ಒಪ್ಪಿ ಸಹಿ ಹಾಕಿದ್ದು 1783ರ ಸೆಪ್ಟೆಂಬರ್ 3ರಂದು.

ಪ್ರಶ್ನೆ: ಯುದ್ಧದ ತಿರುವು ಸರಟೋಗದಲ್ಲಿ ಆಯಿತೋ ಯಾರ್ಕ್‌ಟೌನಿನಲ್ಲೋ? ಪರೀಕ್ಷೆಯಲ್ಲಿ ಮಕ್ಕಳಿಗೆ ಏನು ಬರೆಯಲು ಹೇಳಲಿ?
(ಬದಿಯಡ್ಕದ ಅಧ್ಯಾಪಕರು)

ಉತ್ತರ: ಯಾರ್ಕ್‌ಟೌನಿನಲ್ಲಿ ಯುದ್ಧದ ತೀರ್ಪಾಯಿತು, ತಿರುವು ಸರಟೋಗದ್ದು ಎಂದು ನನ್ನ ಅಭಿಪ್ರಾಯ. 1777ರಲ್ಲಿ ಬ್ರಿಟಿಷ್ ಜನರಲ್ ಬರ್ಗೋಯ್ನ್ ಕೆನಡಾದಿಂದ ತೆಂಕಕ್ಕೆ ಇಳಿದು, ಹಡ್ಸನ್ ನದಿಯ ಕಣಿವೆಯನ್ನು ಹಿಡಿದು, ಬೋಸ್ಟನ್ ಇರುವ ಈಶಾನ್ಯದ ನ್ಯೂ ಇಂಗ್ಲೆಂಡ್ ಭಾಗವನ್ನು ಉಳಿದ ವಸಾಹತುಗಳಿಂದ ಕಡಿದುಹಾಕಬೇಕೆಂದು ಹೊರಟ. ನ್ಯೂಯಾರ್ಕಿನಲ್ಲಿದ್ದ ಜನರಲ್ ಹೋವ್ ಅವನನ್ನು ಕೂಡಿಕೊಳ್ಳುವ ಬದಲು ಫಿಲಡೆಲ್ಫಿಯವನ್ನು ಹಿಡಿಯಲು ಹೊರಟುಹೋದ. ಲಂಡನ್ನಿನ ಒಂದು ಕಾಗದ ಸಮುದ್ರ ದಾಟಲು ವಾರಗಟ್ಟಲೆ ಬೇಕಾಗಿದ್ದ ಕಾಲದಲ್ಲಿ ಇಬ್ಬರನ್ನೂ ಒಂದೇ ಹಾದಿಗೆ ತರುವ ಕೈ ಅಲ್ಲಿರಲಿಲ್ಲ. ಕಾಡಿನಲ್ಲಿ ದಾರಿ ಕಡಿಯುತ್ತ, ಆಹಾರ ಮುಗಿದು, ಸುತ್ತುವರಿಯಲ್ಪಟ್ಟ ಬರ್ಗೋಯ್ನ್ ಅಕ್ಟೋಬರ್ 17ರಂದು ಸರಟೋಗದಲ್ಲಿ ಸುಮಾರು ಆರು ಸಾವಿರ ಜನರೊಡನೆ ಶರಣಾದ. ಪ್ಯಾರಿಸಿನಲ್ಲಿದ್ದ ಅಮೆರಿಕದ ದೂತ ಬೆಂಜಮಿನ್ ಫ್ರಾಂಕ್ಲಿನ್ ಕಾಯುತ್ತಿದ್ದುದು ಇಂಥದೊಂದು ಗೆಲುವಿನ ಸುದ್ದಿಗಾಗಿ. ಅದುವರೆಗೆ ಗುಟ್ಟಾಗಿ ಮದ್ದುಗುಂಡು ಕಳುಹಿಸುತ್ತಿದ್ದ ಫ್ರಾನ್ಸ್ ನಾಲ್ಕು ತಿಂಗಳೊಳಗೆ ಅಮೆರಿಕನ್ನರ ಜೊತೆ ಮೈತ್ರಿ ಮಾಡಿಕೊಂಡು 1778ರಲ್ಲಿ ಬಹಿರಂಗವಾಗಿ ಯುದ್ಧಕ್ಕಿಳಿಯಿತು. 1779ರಲ್ಲಿ ಸ್ಪೇನ್ ಇಳಿಯಿತು. ಬ್ರಿಟನ್ ತನ್ನ ನೌಕಾಪಡೆಯನ್ನು ವೆಸ್ಟ್ ಇಂಡೀಸಿಗೆ, ಜಿಬ್ರಾಲ್ಟರಿಗೆ, ನಮ್ಮ ಸಮುದ್ರಕ್ಕೆ ಎಂದು ಹಂಚಬೇಕಾಯಿತು. ಯಾರ್ಕ್‌ಟೌನಿನ ಎದುರಿನ ಚೆಸಪೀಕ್ ಕೊಲ್ಲಿಯ ಬಾಯಿಯನ್ನು 1781ರ ಸೆಪ್ಟೆಂಬರ್ 5ರಂದು ಫ್ರೆಂಚ್ ನೌಕಾಪಡೆ ಕಾದು ಉಳಿಸಿಕೊಂಡದ್ದರಿಂದಲೇ ಕಾರ್ನ್‌ವಾಲಿಸನಿಗೆ ನೆರವು ಬರಲಿಲ್ಲ. ಮಕ್ಕಳು ಎರಡರಲ್ಲಿ ಯಾವ ಹೆಸರನ್ನು ಬರೆದರೂ, ಈ ಕೊಂಡಿಯನ್ನು ಬರೆದಿದ್ದರೆ ಪೂರ್ತಿ ಅಂಕ ಕೊಡಿ.

ಪ್ರಶ್ನೆ: ಆ ಯುದ್ಧದಲ್ಲಿ ಗುಂಡಿಗಿಂತ ರೋಗಕ್ಕೆ ಹೆಚ್ಚು ಮಂದಿ ಸತ್ತರೆಂದು ಓದಿದ್ದೇನೆ. ಆಗ ಲಸಿಕೆ ಇತ್ತೆ?
(ಕಾಸರಗೋಡಿನ ನಿವೃತ್ತ ದಾದಿ)

ಉತ್ತರ: ತಾವು ಓದಿದ್ದು ಸರಿ. 1777–78ರ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್ ಬಿಡಾರದಲ್ಲಿ ಒಂದು ಕಾಳಗವೂ ನಡೆಯದೆ, ಜ್ವರ ಮತ್ತು ಭೇದಿಯಿಂದ ಸುಮಾರು 2,000 ಸೈನಿಕರು ಸತ್ತರು. ಎಲ್ಲಕ್ಕಿಂತ ಕ್ರೂರವಾದುದು ಸಿಡುಬು. 1775–76ರಲ್ಲಿ ಕ್ವಿಬೆಕನ್ನು ಹಿಡಿಯಲು ಹೋದ ಅಮೆರಿಕನ್ ದಂಡು ಸಿಡುಬಿನಿಂದಲೇ ಅರ್ಧ ಸೋತಿತ್ತು. ಜೆನ್ನರನ ಗೋಸಿಡುಬಿನ ಲಸಿಕೆ ಬಂದದ್ದು 1796ರಲ್ಲಿ. ಅದಕ್ಕೂ ಮುಂಚೆ ಇದ್ದುದು, ರೋಗಿಯ ಬೊಕ್ಕೆಯ ಕೀವನ್ನು ಆರೋಗ್ಯವಂತನ ಚರ್ಮದಲ್ಲಿ ಗೀರಿ ಸೇರಿಸಿ, ಹಗುರವಾದ ಸಿಡುಬನ್ನು ಬರಿಸುವ ಕ್ರಮ. ಹಾಗೆ ಗೀರಿಸಿಕೊಂಡವರು ಕೆಲವು ವಾರ ಮಲಗಬೇಕು, ಬೇರೆಯವರಿಗೆ ಅಂಟಿಸಬಲ್ಲರು, ಕೆಲವರು ಸಾಯುವರು. ವೈರಿ ಎದುರಿಗಿರುವಾಗ ಸೇನೆಯನ್ನು ಹೀಗೆ ಮಲಗಿಸುವುದೆಂದರೆ ದೊಡ್ಡ ಪಣ. ಹರೆಯದಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ತಾನೇ ಸಿಡುಬಿನಿಂದ ನರಳಿ ಬದುಕಿದ್ದ ವಾಷಿಂಗ್ಟನ್, 1777ರ ಆರಂಭದಲ್ಲಿ ಇಡೀ ಸೇನೆಗೆ ಅದನ್ನು ಗುಟ್ಟಾಗಿ, ತಂಡ ತಂಡವಾಗಿ ಮಾಡಿಸಲು ಆಜ್ಞೆ ಕೊಟ್ಟ. ಅವನು ಗೆದ್ದ ಕಾಳಗಗಳಿಗಿಂತ ಈ ಆಜ್ಞೆಯನ್ನೇ ನಾನು ಮೇಲೆ ಇಡುತ್ತೇನೆ. ಸಿಡುಬಿನ ಮನೆಗಳನ್ನು ಕಂಡ ತಲೆಮಾರಿನವರಾದ ತಮಗೆ ಇದರ ತೂಕ ನನಗಿಂತ ಚೆನ್ನಾಗಿ ತಿಳಿದೀತು.

ಪ್ರಶ್ನೆ: ಅಮೆರಿಕದ ರಾಷ್ಟ್ರಗೀತೆಯಲ್ಲಿ ಟಿಪ್ಪುವಿನ ರಾಕೆಟ್ ಇದೆಯಂತೆ, ಹೌದೆ?
(ಮುಳ್ಳೇರಿಯದಿಂದ)

ಉತ್ತರ: ಟಿಪ್ಪುವಿನದಲ್ಲ, ಅದರ ಸಂತತಿಯದು. ಮೈಸೂರಿನ ಸೇನೆ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ರಾಕೆಟ್ಟುಗಳನ್ನು ಬಳಸುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳಲ್ಲಿ ಕೆಲವು ಇಂಗ್ಲೆಂಡಿಗೆ ಹೋದವು; ಅವುಗಳ ಮಾದರಿಯಿಂದ ವಿಲಿಯಂ ಕಾಂಗ್ರೀವ್ ತನ್ನದೇ ರಾಕೆಟ್ಟನ್ನು ರೂಪಿಸಿದ. 1812ರಲ್ಲಿ ಬ್ರಿಟನ್ನಿಗೂ ಅಮೆರಿಕಕ್ಕೂ ಮತ್ತೆ ಯುದ್ಧವಾದಾಗ, 1814ರ ಸೆಪ್ಟೆಂಬರ್ 13 ಮತ್ತು 14ರಂದು ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಬ್ರಿಟಿಷರು ಹಾರಿಸಿದ್ದು ಆ ರಾಕೆಟ್ಟುಗಳನ್ನು. ಅದನ್ನು ಕಣ್ಣಾರೆ ಕಂಡ ವಕೀಲ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯದಲ್ಲಿ ಅವುಗಳ ಕೆಂಪು ಬೆಳಕಿನ ಉಲ್ಲೇಖವಿದೆ. 1931ರಲ್ಲಿ ಅದು ರಾಷ್ಟ್ರಗೀತೆಯಾಯಿತು.

ಪ್ರಶ್ನೆ: ಎಲ್ಲ ಮನುಷ್ಯರೂ ಸಮಾನರೆಂದು ಘೋಷಿಸಿದವರು ಗುಲಾಮರನ್ನು ಹೇಗೆ ಇಟ್ಟುಕೊಂಡರು?
(ಕುಂಬಳೆ ಮತ್ತು ಉಪ್ಪಳದ ಹಲವು ವಿದ್ಯಾರ್ಥಿಗಳು)

ಉತ್ತರ: ಈ ಪ್ರಶ್ನೆಯನ್ನು ಆ ಕಾಲದಲ್ಲೇ ಗುಲಾಮರೂ ಕೇಳಿದರು. ಘೋಷಣಾಪತ್ರವನ್ನು ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. 1775ರ ನವೆಂಬರಿನಲ್ಲಿ ವರ್ಜೀನಿಯದ ಬ್ರಿಟಿಷ್ ಗವರ್ನರ್ ಡನ್‌ಮೋರ್, ಬಂಡುಕೋರ ಒಡೆಯರನ್ನು ಬಿಟ್ಟು ತನ್ನ ಸೇನೆಗೆ ಸೇರುವ ಗುಲಾಮರಿಗೆ ಬಿಡುಗಡೆಯ ಮಾತು ಕೊಟ್ಟಾಗ, ಪ್ರಾಣವನ್ನು ಒತ್ತೆಯಿಟ್ಟು ಓಡಿಬಂದವರಿಗೆ ಸ್ವಾತಂತ್ರ್ಯದ ದಾರಿ ಬ್ರಿಟಿಷರ ಕಡೆಗಿತ್ತು. 1783ರಲ್ಲಿ ಬ್ರಿಟಿಷರು ನ್ಯೂಯಾರ್ಕನ್ನು ಬಿಟ್ಟುಹೋಗುವಾಗ, ಆ ಜನರನ್ನು ಹಿಂತಿರುಗಿಸಬೇಕೆಂದು ವಾಷಿಂಗ್ಟನ್ ಕೇಳಿದ. ಬ್ರಿಟಿಷ್ ಸೇನಾನಿ ಗೈ ಕಾರ್ಲ್‌ಟನ್ ಒಪ್ಪದೆ, ಸುಮಾರು 3,000 ಜನರ ಹೆಸರನ್ನು ಪುಸ್ತಕದಲ್ಲಿ ಬರೆಸಿ ಇಂದಿನ ಕೆನಡಾದ ನೋವಾ ಸ್ಕೋಷಿಯಕ್ಕೆ ಹಡಗು ಹತ್ತಿಸಿದ. ಅತ್ತ ಮಸಾಚುಸೆಟ್ಸಿನಲ್ಲಿ ಎಲಿಜಬೆತ್ ಫ್ರೀಮನ್ ಎಂಬ ಗುಲಾಮ ಹೆಂಗಸು, ಆ ರಾಜ್ಯದ 1780ರ ಸಂವಿಧಾನ ಎಲ್ಲರೂ ಹುಟ್ಟಿನಿಂದ ಸ್ವತಂತ್ರರೆಂದು ಹೇಳುತ್ತದೆ ಎಂಬ ಆಧಾರದ ಮೇಲೆ 1781ರಲ್ಲಿ ದಾವೆ ಹೂಡಿ ಗೆದ್ದಳು. ಓದು ಬರಹ ಬಾರದ ಆಕೆ ಆ ವಾಕ್ಯವನ್ನು ಅದರ ಲೇಖಕರಿಗಿಂತ ಸರಿಯಾಗಿ ಅರ್ಥಮಾಡಿಕೊಂಡಿದ್ದಳು. ಆದರೂ 1787ರ ರಾಷ್ಟ್ರೀಯ ಸಂವಿಧಾನ, ಪ್ರತಿನಿಧಿಗಳ ಸಂಖ್ಯೆಯನ್ನು ಎಣಿಸುವಾಗ ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಿಡಿಯಿತು; 1808ಕ್ಕೆ ಮೊದಲು ಗುಲಾಮರ ಆಮದನ್ನು ನಿಷೇಧಿಸಬಾರದೆಂದೂ ಬರೆಯಿತು.

ಮಕ್ಕಳೇ, ಇದನ್ನು ಓದಿ ಅವರನ್ನು ಮಾತ್ರ ದೂರುವುದು ಸರಿಯಲ್ಲ. 1801ರಲ್ಲಿ ನಮ್ಮ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಇಲ್ಲಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಜನರನ್ನು ಕೊಳ್ಳುವ, ಮಾರುವ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ನಮ್ಮ ದೇಶದಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ.

ಪ್ರಶ್ನೆ: 1956ರಲ್ಲಿ ನಮ್ಮನ್ನು ಕೇಳದೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗಡಿ ಗೆರೆ ಎಳೆದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. 1783ರ ಒಪ್ಪಂದದ ವೇಳೆ ಅಲ್ಲಿನ ಮೂಲನಿವಾಸಿಗಳನ್ನು ಯಾರಾದರೂ ಕೇಳಿದರೆ?
(ಪೆರ್ಲದ ಅಧ್ಯಾಪಿಕೆ)

ಉತ್ತರ: ಯಾರೂ ಕೇಳಲಿಲ್ಲ. ತಮ್ಮ ಹೋಲಿಕೆಯನ್ನು ಒಂದು ಮಿತಿಯೊಳಗೆ ನಾನು ಒಪ್ಪುತ್ತೇನೆ. ನಮ್ಮ ಗಡಿಯ ನೋವು ಭಾಷೆಯದು, ಶಾಲೆಯದು, ಕಚೇರಿಯ ಕಾಗದದ್ದು. ಅದರ ಬಗ್ಗೆ ಆಯೋಗ ಕೂತಿತು, 1967ರಲ್ಲಿ ಮಹಾಜನ ವರದಿ ಚಂದ್ರಗಿರಿ ಹೊಳೆಯ ಬಡಗಿನ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಲು ಹೇಳಿತು, ಅದು ಜಾರಿಗೆ ಬರಲಿಲ್ಲ. ಆದರೂ ನಾವು ನಮ್ಮ ಮನೆಯಲ್ಲೇ ಉಳಿದು ಮತ ಹಾಕುತ್ತ, ಬರೆಯುತ್ತ, ವಾದಿಸುತ್ತ ಬಂದಿದ್ದೇವೆ. ಅವರು ಮನೆಯನ್ನೇ ಕಳೆದುಕೊಂಡರು.

ಕತೆ ಸ್ವಾತಂತ್ರ್ಯ ಯುದ್ಧಕ್ಕಿಂತ ನೂರು ವರ್ಷ ಹಿಂದಿನದು. 1675–76ರಲ್ಲಿ ವಾಂಪನೋಗ್ ಜನರ ನಾಯಕ ಮೆಟಕಾಮ್ ನ್ಯೂ ಇಂಗ್ಲೆಂಡಿನ ವಲಸಿಗರ ಮೇಲೆ ತಿರುಗಿಬಿದ್ದಾಗ ವಲಸಿಗರ ಅರ್ಧಕ್ಕೂ ಹೆಚ್ಚು ಊರುಗಳ ಮೇಲೆ ದಾಳಿ ನಡೆಯಿತು. ಅವನನ್ನು ಕೊಂದ ಮೇಲೆ ಸೆರೆಸಿಕ್ಕ ನೂರಾರು ಮಂದಿಯನ್ನು ವೆಸ್ಟ್ ಇಂಡೀಸಿಗೆ ಗುಲಾಮರಾಗಿ ಮಾರಿದರು. ಜನಸಂಖ್ಯೆಯ ಲೆಕ್ಕದಲ್ಲಿ ಅಷ್ಟು ಸಾವು ಕಂಡ ಯುದ್ಧ ಆ ನೆಲದಲ್ಲಿ ವಿರಳ. ಸ್ವಾತಂತ್ರ್ಯ ಯುದ್ಧದಲ್ಲಿ ಇರೊಕ್ವಾಯ್ ಒಕ್ಕೂಟದ ಆರು ಜನಾಂಗಗಳು ಒಡೆದು ಇಬ್ಭಾಗವಾದವು. ಒನೈಡ ಮತ್ತು ಟಸ್ಕರೋರ ಜನರಲ್ಲಿ ಹೆಚ್ಚಿನವರು ಅಮೆರಿಕನ್ನರ ಜೊತೆ ನಿಂತರು, ಉಳಿದವರಲ್ಲಿ ಹೆಚ್ಚಿನವರು ಬ್ರಿಟಿಷರ ಜೊತೆ. 1779ರಲ್ಲಿ ವಾಷಿಂಗ್ಟನ್ ಕಳುಹಿಸಿದ ಜನರಲ್ ಸಲಿವನ್ನನ ದಂಡು ಅವರ ನಲವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಸುಟ್ಟು, ಜೋಳದ ಕಣಜಗಳನ್ನು ಬೂದಿಮಾಡಿ, ಹಣ್ಣಿನ ಮರಗಳನ್ನು ಕಡಿದುಹಾಕಿತು. ಆ ಜನ ತಮ್ಮ ಮಾತಿನಲ್ಲಿ ವಾಷಿಂಗ್ಟನ್ನನನ್ನು ‘ಊರು ನಾಶಮಾಡುವವನು’ ಎಂದು ಕರೆದರು. ತೋಟದ ಮರ ಕಡಿಯುವುದೆಂದರೇನೆಂದು ತೋಟದ ನಡುವೆ ಬದುಕುವ ನಮಗೆ ಗೊತ್ತು. ಮನೆಯನ್ನು ಒಂದು ಬೇಸಗೆಯಲ್ಲಿ ಮತ್ತೆ ಕಟ್ಟಬಹುದು, ಫಲ ಕೊಡುವ ಮರವನ್ನು ಹಾಗೆ ಕಟ್ಟಲಾಗದು.

1783ರಲ್ಲಿ ಬ್ರಿಟನ್ ಮಿಸಿಸಿಪ್ಪಿ ನದಿಯವರೆಗಿನ ನೆಲವನ್ನೆಲ್ಲ ಹೊಸ ದೇಶಕ್ಕೆ ಬರೆದುಕೊಟ್ಟಿತು. ತನಗಾಗಿ ಹೋರಾಡಿದ ಮೂಲನಿವಾಸಿಗಳ ಹೆಸರು ಆ ಒಪ್ಪಂದದ ಯಾವ ಕಲಮಿನಲ್ಲಿಯೂ ಇರಲಿಲ್ಲ. ಓಹಿಯೊ ನಾಡಿನ ಜನ ಇದನ್ನು ಒಪ್ಪದೆ ಒಕ್ಕೂಟ ಕಟ್ಟಿಕೊಂಡು ನಿಂತರು. 1791ರ ನವೆಂಬರ್ 4ರಂದು ಲಿಟ್ಲ್ ಟರ್ಟಲ್, ಬ್ಲೂ ಜಾಕೆಟ್ ಎಂಬ ನಾಯಕರ ಪಡೆ ಜನರಲ್ ಸೇಂಟ್ ಕ್ಲೇರನ ಸೇನೆಯ 600ಕ್ಕೂ ಹೆಚ್ಚು ಮಂದಿಯನ್ನು ಒಂದೇ ಬೆಳಗಿನಲ್ಲಿ ಕೊಂದಿತು. ಸ್ವಾತಂತ್ರ್ಯ ಯುದ್ಧದ ಯಾವ ಒಂದು ಕಾಳಗದಲ್ಲೂ ಅಮೆರಿಕನ್ ಸೇನೆಯ ಇಷ್ಟು ಜನ ಸತ್ತಿರಲಿಲ್ಲವೆಂಬ ಸಂಗತಿಯನ್ನು ಪಾಠಪುಸ್ತಕದಲ್ಲಿ ನಾನು ಎಂದೂ ಕಾಣಲಿಲ್ಲ. 1794ರ ಆಗಸ್ಟ್ 20ರಂದು ಫಾಲನ್ ಟಿಂಬರ್ಸ್ ಎಂಬಲ್ಲಿ ಆ ಒಕ್ಕೂಟ ಸೋತಿತು. ಸೋತು ಓಡಿಬಂದವರಿಗೆ ಹತ್ತಿರದ ಬ್ರಿಟಿಷ್ ಕೋಟೆ ಬಾಗಿಲು ತೆರೆಯಲಿಲ್ಲ. ಮರುವರ್ಷ ಗ್ರೀನ್‌ವಿಲ್‌ನಲ್ಲಿ ಇಂದಿನ ಓಹಿಯೊ ರಾಜ್ಯದ ಬಹುಭಾಗವನ್ನು ಅವರಿಂದ ಬರೆಸಿಕೊಂಡರು.

ಆ ಒಪ್ಪಂದವನ್ನು ಒಪ್ಪದ ಶಾನಿ ಜನಾಂಗದ ತರುಣ ಟೆಕಮ್ಸೆ. ನೆಲ ಎಲ್ಲ ಜನಾಂಗಗಳ ಒಟ್ಟು ಸೊತ್ತು, ಒಂದು ಜನಾಂಗ ತಾನೊಂದೇ ಮಾರಲಾಗದು ಎಂಬ ಅವನ ವಾದ, ಕೂಡುಕುಟುಂಬದ ಆಸ್ತಿಯ ಕಾನೂನು ಬಲ್ಲ ನಮ್ಮ ಕಡೆಯವರಿಗೆ ತಟ್ಟನೆ ಅರ್ಥವಾಗುವಂಥದು. ಬಡಗಿನಿಂದ ತೆಂಕಿಗೆ ಸಾವಿರ ಮೈಲಿ ಅಲೆದು ಅವನು ಜನರನ್ನು ಕೂಡಿಸಿದ. ಅವನು ಊರಲ್ಲಿ ಇಲ್ಲದಿದ್ದಾಗ, 1811ರ ನವೆಂಬರಿನಲ್ಲಿ, ಟಿಪ್ಪಕನೂ ನದಿಯ ದಡದ ಅವನ ಊರನ್ನು ಸುಟ್ಟರು. 1812ರ ಯುದ್ಧದಲ್ಲಿ ಬ್ರಿಟಿಷರ ಜೊತೆ ನಿಂತ ಟೆಕಮ್ಸೆ 1813ರ ಅಕ್ಟೋಬರ್ 5ರಂದು, ಜೊತೆಯ ಬ್ರಿಟಿಷ್ ಪಡೆ ಸೋತು ಚದರಿಹೋದ ಮೇಲೂ ಕದಲದೆ ಹೋರಾಡಿ ಮಡಿದ. 1814ರ ಡಿಸೆಂಬರ್ 24ರಂದು ಗೆಂಟ್ ನಗರದಲ್ಲಿ ಆದ ಶಾಂತಿ ಒಪ್ಪಂದದ ಒಂಬತ್ತನೆಯ ಕಲಮು, ಮೂಲನಿವಾಸಿಗಳಿಗೆ 1811ರಲ್ಲಿದ್ದ ನೆಲವನ್ನೂ ಹಕ್ಕುಗಳನ್ನೂ ಹಿಂತಿರುಗಿಸಬೇಕೆಂದು ಹೇಳುತ್ತದೆ. ಈ ಸಲ ಅವರ ಹೆಸರು ಒಪ್ಪಂದದಲ್ಲಿ ಬಂತು. ನೆಲ ಮಾತ್ರ ಹಿಂತಿರುಗಿ ಬರಲಿಲ್ಲ. ತಾವು ತರಗತಿಯಲ್ಲಿ ಓಹಿಯೊ, ಮಿಸಿಸಿಪ್ಪಿ, ಮಸಾಚುಸೆಟ್ಸ್, ಕನೆಕ್ಟಿಕಟ್ ಎಂದು ಭೂಪಟದ ಮೇಲೆ ಬೆರಳಿಟ್ಟು ಓದಿಸುವಾಗ, ಅವೆಲ್ಲ ಆ ಜನರ ಭಾಷೆಗಳ ಮಾತುಗಳೆಂದು ಮಕ್ಕಳಿಗೆ ದಯವಿಟ್ಟು ಹೇಳಿ.